ಗಂಟೆ ಸುಮ್ಮನಿರುವ ದಿನಗಳಲ್ಲಿ

ನಾನು ಒಂದು ಮರಗಂಟೆ. ಗಂಟೆ ಎಂದು ಹೆಸರಿದ್ದರೂ ನನ್ನಲ್ಲಿ ನಾದವಿಲ್ಲ. ಒಂದು ಹಲಗೆ, ಹಲಗೆಗೊಂದು ಹಿಡಿ, ಹಲಗೆಯ ಮೇಲೆ ಆ ಕಡೆಗೂ ಈ ಕಡೆಗೂ ಬೀಳುವ ಒಂದು ಪುಟ್ಟ ಮರದ ಸುತ್ತಿಗೆ. ಹಿಡಿದು ಮಣಿಕಟ್ಟು ತಿರುಗಿಸಿದರೆ ಕಟ್ ಕಟ್ ಅನ್ನುತ್ತೇನೆ. ಅಷ್ಟೇ ನನ್ನ ಮಾತು. ಅದೂ ವರ್ಷಕ್ಕೊಮ್ಮೆ, ಎರಡು ದಿನದ ಮಟ್ಟಿಗೆ. ಉಳಿದ ಕಾಲವೆಲ್ಲ ನಾನು ಸುಮ್ಮನಿರುತ್ತೇನೆ. ಸುಮ್ಮನಿರುವುದರ ಬಗ್ಗೆ ನನಗೆ ತಿಳಿದಷ್ಟು ಬೇರೆ ಯಾವ ವಿಷಯವೂ ತಿಳಿದಿಲ್ಲ.

ಹುಟ್ಟಿದ್ದು ಕನಕಪುರದಿಂದ ಆಚೆಗೆ, ಸಂತಮ್ಮನಪಾಳ್ಯ ಎಂಬ ಊರಿನಲ್ಲಿ. ಸುತ್ತ ಹಿಪ್ಪುನೇರಳೆ ತೋಟ, ಮನೆಮನೆಯಲ್ಲೂ ರೇಷ್ಮೆ ಹುಳು ಸಾಕುವ ಕೋಣೆ, ನಡುವೆ ಸುಣ್ಣ ಬಳಿದ ಗುಡಿ. ಊರವರೆಲ್ಲ ಕಥೋಲಿಕ ಕ್ರೈಸ್ತರು. ಚರ್ಚನ್ನು ಗುಡಿ ಎಂದೂ ಪಾದ್ರಿಯನ್ನು ಸ್ವಾಮಿಗಳು ಎಂದೂ ಕರೆಯುವುದು ಅವರಿಗೆ ಮುತ್ತಾತನ ಕಾಲದಿಂದ ಬಂದ ರೂಢಿ. ನನ್ನನ್ನು ಮಾಡಿದವನು ಸವೇರಪ್ಪ. ಕಸುಬಿನಿಂದ ಬಡಗಿ. ಜೊತೆಗೆ ಗುಡಿಯ ಗಂಟೆ ಬಾರಿಸುವ ಕೆಲಸ ಅವನ ಅಪ್ಪನಿಂದ ಅವನಿಗೆ ಬಂದಿತ್ತು. ಅಪ್ಪ ತೀರಿಕೊಂಡಾಗ ಸವೇರಪ್ಪ ಗುಡಿಯ ಅಂಗಳದಲ್ಲಿ ಬಿದ್ದಿದ್ದ ಹಲಸಿನ ಮರವನ್ನು ಕೊಯ್ಯಿಸಿ ಶವದ ಪೆಟ್ಟಿಗೆ ಮಾಡಿದ. ಆ ಪೆಟ್ಟಿಗೆಗೆ ಹೊಂದಿಸಿ ಮಿಕ್ಕ ತುಂಡು ನಾನು.

"ಒಲೆಗೆ ಹಾಕಾಕೆ ಮನ್ಸು ಬರ್ಲಿಲ್ಲ ಕಣಮ್ಮಿ," ಅಂದ ಅವನು ಹೆಂಡತಿಗೆ.

ಹೆಂಡತಿ ಜ್ಞಾನಮ್ಮ ಸೊಪ್ಪು ಹೆಚ್ಚುತ್ತಾ ಕೂತಿದ್ದಳು. "ಒಲೆಗೆ ಹಾಕದಿದ್ರೆ ಗುಡಿಗಾದ್ರೂ ಕೊಡು. ಮನೇಲಿ ಮಾತ್ರ ಇಕ್ಕಬ್ಯಾಡ. ಮಾವ ಕೂತ್ಕಂಡು ನನ್ನ ಅಡುಗೆ ನೋಡ್ದಂಗಾಯ್ತದೆ," ಅಂದಳು.

ಗುಡಿಯ ಹಳೆಯ ಮರಗಂಟೆಗೆ ಗೆದ್ದಲು ಹಿಡಿದಿತ್ತು. ಹಾಗಾಗಿ ನಾನು ಮರಗಂಟೆಯಾದೆ. ಹುಣಸೆಯ ಕಟ್ಟಿಗೆಯಿಂದ ಸುತ್ತಿಗೆ ಕಡೆದು, ಕೀಲು ಕೂರಿಸಿ, ಹರಳೆಣ್ಣೆ ಉಜ್ಜಿ ಸವೇರಪ್ಪ ನನ್ನನ್ನು ಮೊದಲ ಸಲ ಆಡಿಸಿ ನೋಡಿದ. ಹಲಸಿನ ಮರದಿಂದ ಮೃದಂಗವಾಗುತ್ತದೆ, ವೀಣೆಯಾಗುತ್ತದೆ. ನನ್ನ ಒಡಹುಟ್ಟಿದವರು ಎಲ್ಲೆಲ್ಲೋ ಹಾಡುತ್ತಿರಬಹುದು. ನನ್ನ ಪಾಲಿಗೆ ಬಂದದ್ದು ಈ ಒಣ ಸದ್ದು. ಮೊದಮೊದಲು ಅದಕ್ಕೆ ಬೇಸರವಿತ್ತು.

ಯಾಕೆಂದರೆ ನನ್ನ ಪಕ್ಕದಲ್ಲೇ ಮರಿಯಾ ಇದ್ದಳು. ಅವಳು ಗೋಪುರದ ಕಂಚಿನ ಗಂಟೆ. ಹಡಗಿನಲ್ಲಿ ಬಂದವಳು, ಹೆಸರಿಟ್ಟು ಆಶೀರ್ವದಿಸಿ ಏರಿಸಿದವಳು. ಪೂಜಾವಸ್ತ್ರಗಳನ್ನು ಇಡುವ ಕೋಣೆಯ ಕಪಾಟಿನಲ್ಲಿ, ಮೇಣದ ಬತ್ತಿಯ ಮೋಟುಗಳ ಹಿಂದೆ ನನ್ನ ಜಾಗ. ಆ ಕೋಣೆಯ ಬಾಗಿಲ ಪಕ್ಕದಲ್ಲೇ ಅವಳ ಹಗ್ಗ ಇಳಿಬಿದ್ದಿತ್ತು. ಮುಂಜಾನೆ, ನಡುಹಗಲು, ಸಂಜೆ ಅವಳು ಮಾತಾಡಿದರೆ ಹೊಲದಲ್ಲಿದ್ದವರು ಕುಡುಗೋಲು ಕೆಳಗಿಟ್ಟು ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಮದುವೆಗೆ ಅವಳು, ಸಾವಿಗೆ ಅವಳು.

ಅವಳೂ ಮಾತಾಡದ ಒಂದು ಕಾಲವಿದೆ. ಪವಿತ್ರ ಗುರುವಾರದ ಸಂಜೆಯ ಪೂಜೆಯಲ್ಲಿ ಮಹಿಮೆಯ ಹಾಡು ಎತ್ತಿದಾಗ ಗುಡಿಯ ಗಂಟೆಗಳೆಲ್ಲ ಒಟ್ಟಿಗೆ ಮೊಳಗುತ್ತವೆ. ಹಾಡು ಮುಗಿದೊಡನೆ ಹಗ್ಗವನ್ನು ಎತ್ತರದ ಗೂಟಕ್ಕೆ ಸುತ್ತಿಬಿಡುತ್ತಾರೆ. ಯೇಸುಸ್ವಾಮಿ ಹಿಡಿದುಕೊಡಲ್ಪಟ್ಟು, ಶಿಲುಬೆಗೇರಿ, ಸಮಾಧಿಯಲ್ಲಿ ಮಲಗಿರುವ ಆ ಹೊತ್ತಿನಲ್ಲಿ ಕಂಚು ಮಾತಾಡಬಾರದು. ಶನಿವಾರದ ಜಾಗರಣೆಯಲ್ಲಿ ಮತ್ತೆ ಆ ಹಾಡು ಏಳುವವರೆಗೂ ಜನರನ್ನು ಪ್ರಾರ್ಥನೆಗೆ ಕರೆಯಬೇಕಾದವನು ನಾನು. ದೇವರೂ ಉತ್ತರಿಸದೆ ಇದ್ದ ದಿನಗಳು ಅವು. ಮಗ ಶಿಲುಬೆಯ ಮೇಲಿನಿಂದ ನನ್ನನ್ನು ಯಾಕೆ ಕೈಬಿಟ್ಟೆ ಎಂದು ಕೂಗಿದಾಗಲೂ ಮೇಲಿನಿಂದ ಮಾತು ಬರಲಿಲ್ಲ. ಅಂಥ ದಿನಗಳಿಗೆ ನನ್ನಂಥ ಸದ್ದೇ ಸರಿ ಎಂದು ಯಾರಿಗೆ ತೋಚಿತೋ, ಅವರ ಮೇಲೆ ನನಗೆ ಬಹಳ ಗೌರವ.

ಸವೇರಪ್ಪ ನಗುಮೊಗದ ಮನುಷ್ಯ. ಅವನಿಗೆ ಒಬ್ಬಳೇ ಮಗಳು, ಸಿಸಿಲಿ. ಗಂಟೆಯ ಹಗ್ಗಕ್ಕೆ ಜೋತುಬೀಳುವುದು ಅವಳ ಆಟ. ಮರಿಯಾ ಹಿಂದಕ್ಕೆ ವಾಲಿದಾಗ ಹಗ್ಗ ಸರ್ರನೆ ಮೇಲೇರುತ್ತಿತ್ತು. ಅದರೊಂದಿಗೆ ಸಿಸಿಲಿಯೂ ನೆಲ ಬಿಟ್ಟು ಏರಿ, ಕಿರುಚಿ, ಮತ್ತೆ ಇಳಿಯುತ್ತಿದ್ದಳು. "ಅಪ್ಪಾ, ಮರಿಯಾ ನನ್ನ ಎತ್ಕಂಡ್ಳು!" ಎಂದು ಕೂಗುತ್ತಿದ್ದಳು. ಮನೆಯಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ತಟ್ಟೆಗೆ ಕಿವಿಯಿಟ್ಟು ಆಲಿಸುತ್ತಿದ್ದಳು. ಸಣ್ಣ ಮಳೆಯಂತೆ ಇರುತ್ತದಂತೆ ಅದು.

ಒಂದು ತಪಸ್ಸುಕಾಲದಲ್ಲಿ, ಈಸ್ಟರಿಗೆ ಮುಂಚಿನ ಆ ಉಪವಾಸದ ದಿನಗಳಲ್ಲಿ, ನನ್ನ ಕೀಲು ಸಡಿಲವಾಯಿತೆಂದು ಸವೇರಪ್ಪ ನನ್ನನ್ನು ಮನೆಗೆ ಒಯ್ದಿದ್ದ. ಆಗಲೇ ಸಿಸಿಲಿಗೆ ಜ್ವರ ಬಂತು. ಕತ್ತು ಹಿಂದಕ್ಕೆ ಬಾಗಿ ಕಟ್ಟಿಗೆಯಂತಾಯಿತು. ರೇಷ್ಮೆಗೂಡು ಸಾಗಿಸುವ ಲಾರಿಯಲ್ಲಿ ಅವಳನ್ನು ಮಲಗಿಸಿಕೊಂಡು ಜ್ಞಾನಮ್ಮ ಬೆಂಗಳೂರಿನ ಆಸ್ಪತ್ರೆಗೆ ಹೊರಟಳು. ಚಪ್ಪಲಿ ಮೆಟ್ಟಲು ಒಳಗೆ ಬಂದ ಸವೇರಪ್ಪ, ಗೋಡೆಯ ಮೇಲಿನ ಶಿಲುಬೆಯ ಮುಂದೆ ದೊಪ್ಪನೆ ಮಂಡಿಯೂರಿದ.

"ಜೀವ ಒಂದು ಉಳಿಸ್ಕೊಡು ಸ್ವಾಮಿ. ಇನ್ನೇನೂ ಬೇಡಾಕಿಲ್ಲ ನಿನ್ನ. ಸಾಯೋಗಂಟ ಬೇಡಾಕಿಲ್ಲ," ಅಂದ.

ಜೀವ ಉಳಿಯಿತು. ಈಸ್ಟರ್ ಕಳೆದ ಮೇಲೆ ಮಗುವನ್ನು ಮನೆಗೆ ಕರೆತಂದರು. ಆ ಸಲ ನನ್ನನ್ನು ಯಾರು ಬಾರಿಸಿದರೋ, ಒರಟು ಕೈ ಎಂಬುದಷ್ಟೇ ನೆನಪು. ನಾನು ಕಪಾಟಿಗೆ ಮರಳಿದ್ದೆ. ಸವೇರಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗುಡಿಗೆ ಬಂದ. ನಡುಹಗಲಿನ ಗಂಟೆಯ ಹೊತ್ತು. ಅವಳನ್ನು ಇಳಿಸಿ, ಹಗ್ಗ ಎಳೆದ. ಮರಿಯಾ ಮೊಳಗಿದಳು. ಸಿಸಿಲಿ ಬಾಗಿಲ ಕಟ್ಟೆಯ ಮೇಲಿನ ಇರುವೆಸಾಲು ನೋಡುತ್ತಿದ್ದಳು. ಇನ್ನೊಮ್ಮೆ ಎಳೆದ. ಅವಳು ತಲೆಯೆತ್ತಿದಳು; ಆದರೆ ನೋಡಿದ್ದು ಮೇಲಕ್ಕಲ್ಲ, ಕುಣಿಯುತ್ತಿದ್ದ ಹಗ್ಗವನ್ನು. ಆಮೇಲೆ ಅಪ್ಪನ ಮುಖವನ್ನು. ಆ ಹೊತ್ತಿನಲ್ಲಿ ಸವೇರಪ್ಪ ಹಗ್ಗ ಬಿಟ್ಟುಬಿಟ್ಟ. ಅಡ್ಡಾದಿಡ್ಡಿ ಒಂದೆರಡು ಬಡಿತ ಬಡಿದು ಮರಿಯಾ ತಾನಾಗಿ ನಿಂತಳು.

ಕಿವಿಯ ನರ ಹೋಗಿದೆ, ಬರುವುದಿಲ್ಲ ಎಂದು ಡಾಕ್ಟರು ಹೇಳಿದರು.

ಊರವರು ಸಮಾಧಾನ ಹೇಳಲು ಬಂದರು. ಗುಡಿಯಲ್ಲಿ ಮಕ್ಕಳಿಗೆ ಜಪ ಕಲಿಸುತ್ತಿದ್ದ ಉಪದೇಶಿ ಇನ್ನಾಸಪ್ಪ ಒಂದು ದಿನ ಸವೇರಪ್ಪನನ್ನು ಹಗ್ಗದ ಬಳಿ ನಿಲ್ಲಿಸಿಕೊಂಡು, "ಒಂದು ಸಲ ಒಳಗೆ ನೋಡ್ಕೊ ಸವೇರಪ್ಪ. ಭಾನುವಾರ ಉಳಿ ಹಿಡಿದಿದ್ದುಂಟಾ? ಹಳೇ ಹರಕೆ ಏನಾದ್ರೂ ಬಾಕಿ ಐತಾ? ಕಾರಣ ಇಲ್ದೆ ದೇವರು ಹೊಡೆಯೋದಿಲ್ಲ," ಅಂದ.

ಪೂಜೆಯ ಹೂವು ತಂದಿದ್ದ ಜ್ಞಾನಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಉಪದೇಶಿಗಳೇ, ಭಾನುವಾರ ಉಳಿ ಹಿಡಿದೋರು ನಾವು. ಆರು ವರ್ಷದ ಕೂಸು ಏನು ಹಿಡಿದಿತ್ತು? ಅದ್ನೂ ವಸಿ ವಿಚಾರ್ಸಿ ಹೇಳಿ," ಅಂದಳು. ಇನ್ನಾಸಪ್ಪ ಜಪಸರ ಎಣಿಸುತ್ತಾ ಹೊರಟುಹೋದ. ಕೆಟ್ಟವನಲ್ಲ ಅವನು. ಕಾರಣವಿಲ್ಲದ ನೋವು ಲೋಕದಲ್ಲಿದೆ ಎಂದು ಒಪ್ಪಿಕೊಳ್ಳಲು ಹೆದರಿದವನು.

ಒಂದು ವರ್ಷ ಸವೇರಪ್ಪ ತಪ್ಪದೆ ಗಂಟೆ ಬಾರಿಸಿದ, ಆದರೆ ಪ್ರಾರ್ಥನೆಯ ಹೊತ್ತಿಗೆ ಹೊರಗೆ ಹೋಗಿ ಕೂರುತ್ತಿದ್ದ. ಸಿಸಿಲಿಯ ಮಾತು ದಿನದಿನಕ್ಕೂ ಸವೆಯುತ್ತಿತ್ತು. "ಅಪ್ಪ" ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ಹುಳುವಿನ ತಟ್ಟೆಗೆ ಈಗ ಕಿವಿಯ ಬದಲು ಅಂಗೈ ಇಡುತ್ತಾಳಂತೆ ಎಂದು ಜ್ಞಾನಮ್ಮ ಯಾರಿಗೋ ಹೇಳಿದ್ದು ಕೇಳಿದೆ.

ಮತ್ತೆ ಪವಿತ್ರ ವಾರ ಬಂತು. ಗುರುವಾರ ಗಂಟೆಗಳು ಮೊಳಗಿ ನಿಂತವು. ಹಗ್ಗ ಗೂಟಕ್ಕೇರಿತು. ಶುಕ್ರವಾರ ಮೂರು ಗಂಟೆಗೆ ಯೇಸುವಿನ ಯಾತನೆ, ಸಾವನ್ನು ನೆನೆಯುವ ಪಾಡುಮರಣದ ಪ್ರಾರ್ಥನೆ. ಅದಕ್ಕೆ ಮುಂಚೆ ಸವೇರಪ್ಪ ನನ್ನನ್ನು ಹಿಡಿದು ಬೀದಿ ಬೀದಿ ಸುತ್ತಬೇಕು. ಊರು ಗಂಜಿ ಕುಡಿದು ಉಪವಾಸದ ಜೊಂಪಿನಲ್ಲಿತ್ತು. ನಡುಹಗಲಿಗೆ ಅವನು ಮಗಳ ಕೈ ಹಿಡಿದು ಒಳಗೆ ಬಂದ. ಕಪಾಟು ತೆರೆದು ನನ್ನನ್ನು ಎತ್ತಿಕೊಂಡ. ಎತ್ತಿಕೊಂಡವನು ಯಾಕೋ ನಿಂತ. ನನ್ನನ್ನು ನೆಲದ ಮೇಲಿಟ್ಟು, ಸ್ಟೂಲು ಎಳೆದು ಗೂಟದಿಂದ ಹಗ್ಗ ಬಿಚ್ಚಿದ.

ಪವಿತ್ರ ಶುಕ್ರವಾರ ಗಂಟೆ ಬಾರಿಸುವುದೆಂದರೆ ಏನೆಂದು ಆ ಊರಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅವನ ಅಪ್ಪನ, ತಾತನ ಕಾಲದಲ್ಲೂ ಯಾರೂ ಅದನ್ನು ಮಾಡಿರಲಿಲ್ಲ. ಸವೇರಪ್ಪ ಸಿಸಿಲಿಯನ್ನು ತನ್ನೆದುರಿಗೆ ನಿಲ್ಲಿಸಿ, ಅವಳ ಮುಖದ ಮೇಲೆ ಕಣ್ಣಿಟ್ಟು, ಇದ್ದ ಬಲವನ್ನೆಲ್ಲ ಹಾಕಿ ಎಳೆದ. ಮರಿಯಾ ಹಿಂದೆಂದೂ ಹಾಗೆ ಕೂಗಿರಲಿಲ್ಲ. ಗೋಪುರದ ಪಾರಿವಾಳಗಳು ಚದುರಿದವು. ನೆಲದ ಮೇಲಿದ್ದ ನಾನು ನಡುಗಿದೆ. "ಕೇಳುಸ್ತಾ? ಕೇಳುಸ್ತಾ?" ಎಂದು ಅವನು ಪ್ರತಿ ಎಳೆತಕ್ಕೂ ಕೂಗುತ್ತಿದ್ದ. ಮಗಳನ್ನು ಕೇಳುತ್ತಿದ್ದನೋ ದೇವರನ್ನು ಕೇಳುತ್ತಿದ್ದನೋ, ಬಹುಶಃ ಅವನಿಗೂ ಗೊತ್ತಿರಲಿಲ್ಲ. ಇಬ್ಬರಿಂದಲೂ ಉತ್ತರ ಬರಲಿಲ್ಲ. ಅಪ್ಪ ಅಳುತ್ತಿರುವುದನ್ನು ನೋಡಿ ಸಿಸಿಲಿ ಮಾತ್ರ ಹೆದರಿ ಗೋಡೆಗೆ ಸರಿದಳು.

ಊರು ಓಡಿಬಂತು. ಕೆಲವರು ಬೆಂಕಿ ಬಿತ್ತೆಂದು ಕೊಡದಲ್ಲಿ ನೀರು ತಂದಿದ್ದರು. ಕಣ್ಣು ಮಂಜಾಗಿದ್ದ ಒಬ್ಬ ಅಜ್ಜಿ ಶನಿವಾರ ಕಳೆದೇಹೋಯಿತೆಂದು ಉಪವಾಸ ಮುರಿದು ಬೆಲ್ಲ ಬಾಯಿಗೆ ಹಾಕಿಕೊಂಡಿದ್ದಳು. ಪಕ್ಕದ ಮನೆಯ ಚಿನ್ನಪ್ಪ, ತಪಸ್ಸುಕಾಲಕ್ಕೆಂದು ಹಂದಿಮಾಂಸವನ್ನೂ ಹೆಂಡವನ್ನೂ ಬಿಟ್ಟು ದಿನ ಎಣಿಸುತ್ತಿದ್ದವನು, ಏದುಸಿರು ಬಿಡುತ್ತಾ ಬಂದು, "ಏನ್ಲಾ ಸವೇರ, ಯೇಸುಸ್ವಾಮಿ ಒಂದಿನ ಮೊದಲೇ ಸಮಾಧಿಯಿಂದ ಎದ್ಬುಟ್ರಾ? ಹಂಗಾದ್ರೆ ಹಂದಿ ಕೊಯ್ಸಾನಾ?" ಅಂದ. ಸವೇರಪ್ಪನ ಮುಖ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡ.

ಇನ್ನಾಸಪ್ಪ ಉಪದೇಶಿ ಜನರನ್ನು ಸರಿಸಿ ಮುಂದೆ ಬಂದ. "ಯೇಸುಸ್ವಾಮಿ ಏಳೋಕೆ ಮುಂಚೆ ಗಂಟೆ ಬಾರಿಸಿದ್ಯಲ್ಲೋ ಪಾಪಿ! ನಿಮ್ಮಪ್ಪ ಇದ್ದಿದ್ರೆ ನಿನ್ನ ಕೈ ಕಡೀತಿದ್ದ!"

"ಕಡೀರಿ," ಅಂದ ಸವೇರಪ್ಪ. "ಇನ್ಮ್ಯಾಲೆ ಈ ಹಗ್ಗ ಮುಟ್ಟಾಕಿಲ್ಲ ನಾನು. ಈಸ್ಟರ್‌ಗೆ ಬೇರೆಯವ್ರ ನೋಡ್ಕಳಿ."

ಅಷ್ಟರಲ್ಲಿ ಸ್ವಾಮಿಗಳು ಬಂದರು. ಫಾದರ್ ಬರ್ತಲೋಮಿ ಆಗಲೇ ಮುದುಕರು, ಮಂಡಿನೋವಿಗೆ ಕೋಲು ಹಿಡಿದು ನಡೆಯುವವರು. ಎಲ್ಲರನ್ನೂ ಹೊರಗೆ ಕಳಿಸಿ ಆ ಸ್ಟೂಲಿನ ಮೇಲೆ ಕೂತರು. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆ ಮೌನವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಉಪದೇಶ ಮಾಡುವುದು ಅವರ ಕಸುಬು. ಆ ಕಸುಬನ್ನು ಅವರು ಆಗ ಪಕ್ಕಕ್ಕಿಟ್ಟು ಕೂತಿದ್ದರು.

"ಉತ್ತರ ಬಂತಾ ಸವೇರಪ್ಪ?" ಎಂದರು ಕೊನೆಗೆ.

"ಇಲ್ಲ ಸ್ವಾಮಿ."

"ನಾನೂ ಒಂದು ಪ್ರಶ್ನೆ ಇಟ್ಕೊಂಡಿದೀನಿ. ಪಾದ್ರಿ ಆಗೋಕ್ಕಿಂತ ಮುಂಚಿನದು. ನನಗೂ ಬಂದಿಲ್ಲ."

ಆ ಪ್ರಶ್ನೆ ಏನೆಂದು ಅವರು ಹೇಳಲಿಲ್ಲ. ಸವೇರಪ್ಪ ಕೇಳಲೂ ಇಲ್ಲ. ನೆಲ ನೋಡುತ್ತಾ, "ಜೀವ ಉಳಿಸು, ಇನ್ನೇನೂ ಬೇಡಾಕಿಲ್ಲ ಅಂತ ಮಾತು ಕೊಟ್ಟಿದ್ದೆ ಸ್ವಾಮಿ. ಅಂವ ಆ ಮಾತ ಎಷ್ಟು ಸರಿಯಾಗಿ ಹಿಡ್ಕಂಡ ನೋಡಿ. ಬಾಯಲ್ಲಿ ಬೇಡಂಗಿಲ್ಲ. ಗಂಟೇಲಿ ಬೇಡಾಕಿಲ್ಲ ಅಂದಿರ್ಲಿಲ್ವಲ್ಲ, ಅದಕ್ಕೇ ಹೊಡೆದೆ," ಅಂದ.

ಸ್ವಾಮಿಗಳ ಕೋಲು ಕೈಯಿಂದ ಜಾರಿತು. ಅದನ್ನು ಎತ್ತಿಕೊಳ್ಳಲೂ ಇಲ್ಲ. "ವರ್ಷದಿಂದ ಹೀಗೆ ಬಾಯಿ ಹೊಲ್ಕೊಂಡು ಇದ್ದೀಯಾ? ಯಾರಪ್ಪಾ ನಿನ್ನ ಹತ್ರ ಆ ಮಾತು ಕೇಳಿದ್ದು? ನಾಳೆ ನಿನ್ನ ಮಗಳು ಬಂದು, ಊಟಕ್ಕಿಕ್ಕು ಸಾಕು, ಇನ್ನು ನಿನ್ನ ಏನೂ ಕೇಳಲ್ಲ ಅಂದ್ರೆ ನಿನಗೆ ಖುಷಿಯಾಗುತ್ತಾ?"

ಸವೇರಪ್ಪ ತಲೆಯೆತ್ತಿದ.

"ಆ ಮಾತು ವಾಪಸ್ ತಗೊ. ಬೇಡು. ಬೈಯಬೇಕು ಅನ್ನಿಸಿದ್ರೆ ಬೈದು ಬೇಡು. ಯಾಕೆ ಅಂತ ನನಗೂ ಗೊತ್ತಿಲ್ಲ, ಇನ್ನಾಸಪ್ಪನಿಗಂತೂ ಗೊತ್ತಿಲ್ಲ. ಆದರೆ ಇವತ್ತು ಶಿಲುಬೆ ಮೇಲಿರೋನೂ ಅದನ್ನೇ ಕೇಳಿದ. ಕೇಳಿ ಆದ ಮೇಲೂ ಅಪ್ಪನ ಕೈಗೇ ಜೀವ ಒಪ್ಪಿಸಿದ." ಸ್ವಾಮಿಗಳು ಬಗ್ಗಿ ನನ್ನನ್ನು ನೆಲದಿಂದ ಎತ್ತಿದರು. "ಈಸ್ಟರ್ ಆಮೇಲಾಯ್ತು. ಮೂರು ಗಂಟೆ ಆಗ್ತಾ ಬಂತು. ಹೋಗಿ ಜನರನ್ನ ಕರಿ. ಸಿಟ್ಟಿದ್ದರೆ ಸಿಟ್ಟಲ್ಲೇ ಕರಿ."

ಸವೇರಪ್ಪ ಬೀದಿಗಿಳಿದ. ಅವನ ಮುಷ್ಟಿ ಅಂದು ನನ್ನ ಹಿಡಿಯನ್ನು ಮುರಿಯುವಂತಿತ್ತು. ಕಟ್ ಕಟ್ ಕಟ್. ಸಿಸಿಲಿ ಅವನ ಹಿಂದೆಯೇ ಬರುತ್ತಿದ್ದಳು. ಗುಡಿಯ ತಿರುವಿನಲ್ಲಿ ಓಡಿಬಂದು, ಅಪ್ಪನನ್ನು ನಿಲ್ಲಿಸಬೇಕೆಂದೋ ಏನೋ, ನನ್ನ ಹಲಗೆಗೆ ಅಂಗೈ ಒತ್ತಿದಳು. ಆಗಲೇ ಸುತ್ತಿಗೆ ಬಿತ್ತು.

ಅವಳ ಕೈ ಹಲಗೆಯ ಮೇಲೆ ಸ್ತಬ್ಧವಾಯಿತು. ಕಣ್ಣು ದೊಡ್ಡದಾಯಿತು. ಬೆರಳುಗಳಿಂದ ಮೊಣಕೈಗೆ, ಮೊಣಕೈಯಿಂದ ಎದೆಗೆ ನನ್ನ ನಡುಕ ಹರಿದುಹೋದದ್ದು ನನಗೇ ತಿಳಿಯಿತು. ಮರಿಯಾಳ ಮಾತು ಆಕಾಶಕ್ಕೆ ಹೋಗುವಂಥದ್ದು. ನನ್ನದು ಹಿಡಿದವರ ಮೂಳೆಗೆ ಇಳಿಯುವಂಥದ್ದು. ಅವಳು ಎರಡೂ ಕೈಯಿಂದ ನನ್ನನ್ನು ಕಿತ್ತುಕೊಂಡಳು. ತಿರುಗಿಸಿದಳು. ಕಟ್. ನಿಂತಳು. ಮತ್ತೆ ಕಟ್.

ಎದುರುಮನೆಯ ಬಾಗಿಲು ತೆರೆಯಿತು. ಬಿಳಿ ಸೀರೆಯುಟ್ಟ ಒಬ್ಬ ಹೆಂಗಸು ಹೊರಗೆ ಬಂದಳು.

ಸಿಸಿಲಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಮುಂದಿನ ಮನೆಯೆದುರು ಹೋಗಿ ಬಾರಿಸಿದಳು. ಆ ಬಾಗಿಲೂ ತೆರೆಯಿತು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ತನಗೆ ಕೇಳಿಸದ ಏನೋ ಒಂದು ಗೋಡೆ ದಾಟಿ ಒಳಗೆ ಹೋಗುತ್ತಿದೆ, ಒಳಗಿನವರನ್ನು ಮುಟ್ಟುತ್ತಿದೆ ಎಂದು ಅವಳು ಬಾಗಿಲುಗಳಿಂದ ಕಲಿತಳು. ಬೀದಿಯುದ್ದಕ್ಕೂ ತನ್ನದೇ ನಿಧಾನದ ಲಯದಲ್ಲಿ ಬಾರಿಸುತ್ತಾ ಹೋದಳು. ಹಿಂದೆ ಸವೇರಪ್ಪ, ಅವನ ಹಿಂದೆ ಊರು. ಅವನು ಅಳುತ್ತಿದ್ದ. ಆದರೆ ನಡುಹಗಲಿನಲ್ಲಿ ಅತ್ತ ಹಾಗೆ ಅಲ್ಲ.

ಶನಿವಾರದ ಜಾಗರಣೆಯಲ್ಲಿ ಮಹಿಮೆಯ ಹಾಡು ಏಳುವ ಹೊತ್ತಿಗೆ ಎಲ್ಲರ ಕಣ್ಣೂ ಹಗ್ಗದ ಮೂಲೆಯ ಕಡೆಗಿತ್ತು. ಹಾಡು ಎದ್ದಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮರಿಯಾ ಮೊಳಗಿದಳು. ಬಾರಿಸಿದವನು ಸವೇರಪ್ಪನೇ. ಮುಖದಲ್ಲಿ ನಗುವಿರಲಿಲ್ಲ. ಪ್ರತಿ ಎಳೆತಕ್ಕೂ ತುಟಿ ಅಲ್ಲಾಡುತ್ತಿತ್ತು. ಒಂದು ವರ್ಷ ಹಿಡಿದಿಟ್ಟುಕೊಂಡದ್ದನ್ನೆಲ್ಲ ಅವನು ಬೇಡುತ್ತಿದ್ದ. ಅಥವಾ ಬೈಯುತ್ತಿದ್ದ.

ಕಿವಿ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇಂಥ ಕತೆಗಳ ಕೊನೆಯಲ್ಲಿ ಬರಬೇಕೆಂದು ಎಲ್ಲರಿಗೂ ಆಸೆ. ಸವೇರಪ್ಪ ತನ್ನ ಆಯುಷ್ಯದುದ್ದಕ್ಕೂ ಬೇಡಿದ. ಗುಡಿಯಲ್ಲಿ ಯಾರೂ ಇಲ್ಲದಾಗ ಶಿಲುಬೆಯ ಮುಂದೆ ನಿಂತು, ಕೆಲಸ ಬಾಕಿ ಉಳಿಸಿದ ಆಳನ್ನು ಕೇಳುವಂತೆ, "ಏನ್ಮಾಡ್ದೆ ನನ್ನ ವಿಚಾರ?" ಅನ್ನುತ್ತಿದ್ದ. ಸ್ವಲ್ಪ ಹೊತ್ತು ಕಾಯುತ್ತಿದ್ದ. "ಆಯ್ತು, ನಾಳೆ ಬತ್ತೀನಿ," ಎಂದು ಹೊರಡುತ್ತಿದ್ದ. ನಾಳೆ ಬರುತ್ತಿದ್ದ. ನಾನು ಕಂಡ ಭಕ್ತರಲ್ಲಿ ಅವನಷ್ಟು ದೊಡ್ಡವನು ಇನ್ನೊಬ್ಬನಿಲ್ಲ. ಉತ್ತರ ಸಿಕ್ಕವರು ಹಾಡುವುದು ಸಹಜ. ಸಿಗದವನು ನಾಳೆ ಬರುತ್ತೇನೆ ಎನ್ನಲು ಎಷ್ಟು ನಂಬಿಕೆ ಬೇಕು?

ಅಂದಿನಿಂದ ಪವಿತ್ರ ವಾರದಲ್ಲಿ ನಾನು ಸಿಸಿಲಿಯ ಕೈಗೆ ಬಂದೆ. ಅವಳು ದೊಡ್ಡವಳಾದಳು. ಪೂಜಾವಸ್ತ್ರಗಳಿಗೆ ಕಸೂತಿ ಹಾಕುವ ಕೆಲಸ ಕಲಿತಳು. ಪಕ್ಕದ ಹಳ್ಳಿಯ ಹುಡುಗನೊಬ್ಬ ಅವಳನ್ನು ಮದುವೆಯಾಗಿ ಇಲ್ಲೇ ನೆಲೆಸಿದ. ಮಕ್ಕಳಾದವು. ಫಾದರ್ ಬರ್ತಲೋಮಿ ತಮ್ಮ ಪ್ರಶ್ನೆಯನ್ನು ಯಾರಿಗೂ ಹೇಳದೆ ಗುಡಿಯ ಹಿಂದಿನ ಮಣ್ಣಿನಲ್ಲಿ ಮಲಗಿದರು.

ಮುಂದೆ ಒಂದು ವರ್ಷ ಗೋಪುರ ಬಿರುಕು ಬಿಟ್ಟಿತು. ಹೊಸದು ಕಟ್ಟಲೆಂದು ಹಳೆಯದನ್ನು ಕೆಡವಿ ಮರಿಯಾಳನ್ನು ಇಳಿಸಿ ಹುಲ್ಲಿನ ಮೇಲೆ ಕೂರಿಸಿದರು. ನನ್ನ ಕೋಣೆಯೂ ಹೋಯಿತು. ಸಿಸಿಲಿ ನನ್ನನ್ನು ಮನೆಗೆ ತಂದು, ಅಪ್ಪನ ಮಂಚದ ಮೇಲಿನ ಗೋಡೆಗೆ ನೇತುಹಾಕಿದಳು. ಸವೇರಪ್ಪನಿಗೆ ಆಗ ಉಬ್ಬಸ. ಗಂಟೆ ಇಲ್ಲದ ಊರಿನಲ್ಲಿ ಅವನಿಗೆ ಹೊತ್ತು ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ದಿಂಬಿಗೆ ಒರಗಿ ಹೆಂಡತಿಯನ್ನು ಕರೆದ. "ಜ್ಞಾನಿ, ನಾನು ಹೊಂಟೆ ಅನ್ಸತದೆ."

"ಹೊಂಟ್ರೆ ಹೊಂಡು. ಅಲ್ಲೋಗಿ ಮಾತ್ರ ಜಗಳ ತೆಗೀಬ್ಯಾಡ," ಅಂದಳು ಜ್ಞಾನಮ್ಮ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿರಲಿಲ್ಲ.

"ತೆಗೀದೆ ಬುಡ್ತೀನಾ? ಎದುರಿಗೇ ಕೇಳ್ತೀನಿ. ಬೇರೆಯೋರ ಹತ್ರ ಯಾರಾದ್ರೂ ಇಷ್ಟು ವರ್ಷ ಜಗಳ ಆಡ್ತಾರೇನೆ? ಅಂವ ನಮ್ಮೋನು."

ಸಿಸಿಲಿ ಅವನ ಎದೆಯ ಮೇಲೆ ಅಂಗೈಯಿಟ್ಟು ಕೂತಿದ್ದಳು. ಬಡಿತ ನಿಂತದ್ದು ಎಲ್ಲರಿಗಿಂತ ಮೊದಲು ತಿಳಿದದ್ದು ಅವಳಿಗೆ. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ಎದ್ದು, ಗೋಡೆಯಿಂದ ನನ್ನನ್ನು ತೆಗೆದುಕೊಂಡು ಬೀದಿಗೆ ಬಂದಳು.

ಅದು ಪವಿತ್ರ ವಾರವಲ್ಲ. ಆ ದಿನಗಳ ಹೊರಗೆ ನನ್ನನ್ನು ಬಾರಿಸುವಂತಿಲ್ಲ. ಅವಳ ಅಪ್ಪ ಕಂಚು ಸುಮ್ಮನಿರಬೇಕಾದಾಗ ಕಂಚನ್ನು ಕೂಗಿಸಿದ್ದ. ಅವಳು ಮರ ಸುಮ್ಮನಿರಬೇಕಾದಾಗ ಮರವನ್ನು ಕೂಗಿಸಿದಳು. ಊರಿನ ಸಾವುಗಳಿಗೆಲ್ಲ ಗಂಟೆ ಬಾರಿಸಿದವನ ಸಾವಿಗೆ ಬಾರಿಸಲು ಊರಲ್ಲಿ ಗಂಟೆಯಿರಲಿಲ್ಲ. ಕಟ್. ಕಟ್. ಬಾಗಿಲುಗಳು ಒಂದೊಂದಾಗಿ ತೆರೆದವು. ಮುದುಕನಾಗಿದ್ದ ಇನ್ನಾಸಪ್ಪ ಉಪದೇಶಿ ಜಗುಲಿಯಿಂದ ಎದ್ದು, ಬೇಡ ಎನ್ನುವಂತೆ ಕೈಯೆತ್ತಿದ. ಎತ್ತಿದ ಕೈಯನ್ನು ಹಾಗೇ ಹಣೆಗೆ ಒಯ್ದು ಶಿಲುಬೆಯ ಗುರುತು ಹಾಕಿ, ಹೆಗಲ ಮೇಲಿನ ಟವೆಲ್ಲು ಕೈಗೆ ತೆಗೆದುಕೊಂಡು, ಅವಳ ಹಿಂದೆ ನಡೆದ.

ಹೊಸ ಗೋಪುರ ಎದ್ದಿತು. ಮರಿಯಾ ಮೇಲೇರಿದಳು, ಆದರೆ ಹಬ್ಬಕ್ಕೆ ಮಾತ್ರ. ದಿನದ ಗಂಟೆ ಈಗ ಸ್ಪೀಕರಿನಲ್ಲಿ ತಾನಾಗಿ ಬರುತ್ತದೆ. ಒಂದು ಪೆಟ್ಟಿಗೆಯಲ್ಲಿ ಹೊತ್ತು ಕೂರಿಸಿಟ್ಟಿದ್ದಾರೆ. ಒಂದು ಪವಿತ್ರ ಶುಕ್ರವಾರ ಅದನ್ನು ಆರಿಸಲು ಯಾರಿಗೂ ನೆನಪಾಗಲಿಲ್ಲ. ಸಿಸಿಲಿ ನನ್ನನ್ನು ಹಿಡಿದು ಬೀದಿಯಲ್ಲಿದ್ದಾಗ, ಸರಿಯಾಗಿ ನಡುಹಗಲಿಗೆ, ಸ್ಪೀಕರಿನಿಂದ ಗಂಟೆ ಢಣಢಣಿಸಿತು. ಊರು ಬೆಚ್ಚಿಬಿತ್ತು. ಹಲ್ಲಿಲ್ಲದ ಚಿನ್ನಪ್ಪ ಜಗುಲಿಯ ಮೇಲಿಂದ, "ಸವೇರ ಮ್ಯಾಲೂ ಸುಮ್ಕಿಲ್ಲ ಕಣ್ರಪ್ಪೋ!" ಎಂದು ಕೂಗಿದ. ಉಪವಾಸದ ಊರು ನಕ್ಕಿತು. ನಕ್ಕು ಕಣ್ಣೊರೆಸಿಕೊಂಡಿತು. ಸಿಸಿಲಿಗೆ ಯಾವುದೂ ತಿಳಿಯಲಿಲ್ಲ. ತನ್ನ ಲಯ ತಪ್ಪಿಸದೆ ಮುಂದಿನ ಮನೆಗೆ ಹೋದಳು.

ಈಗ ನನ್ನ ಹಲಗೆ ಉದ್ದಕ್ಕೂ ಸೀಳಿದೆ. ಕೀಲಿಗೆ ಬಟ್ಟೆ ಸುತ್ತಿದೆ. ಗುಡಿಗೆ ಹೊಸ ಮರಗಂಟೆ ಬಂದಿದೆ, ತೇಗದ್ದು, ಪಾಲಿಶ್ ಹಾಕಿದ್ದು. ಅದನ್ನು ಹಿಡಿಯುವವಳು ಸಿಸಿಲಿಯ ಮಗಳು. ನಾನು ಅವರ ಮನೆಯ ಗೋಡೆಯ ಮೇಲೆ, ಶಿಲುಬೆಯ ಕೆಳಗೆ ಇದ್ದೇನೆ. ಸವೇರಪ್ಪ ಮಂಡಿಯೂರಿ ಮಾತು ಕೊಟ್ಟ ಜಾಗ ಇದೇ. ಸತ್ತ ಮೇಲೆ ಅವನಿಗೆ ಅಲ್ಲಿ ಉತ್ತರ ಸಿಕ್ಕಿತೋ ಇಲ್ಲವೋ, ಒಂದು ಶವದ ಪೆಟ್ಟಿಗೆಯಲ್ಲಿ ಮಿಕ್ಕ ತುಂಡಿಗೆ ಹೇಗೆ ಗೊತ್ತಾಗಬೇಕು? ಎಷ್ಟೋ ವರ್ಷ ಜನರನ್ನು ದೇವರ ಮೌನದ ಬಳಿಗೆ ಕರೆದೆ. ಅವರು ಬಂದರು, ಮಂಡಿಯೂರಿದರು, ಖಾಲಿ ಕೈಯಲ್ಲಿ ಹಿಂತಿರುಗಿದರು, ಮುಂದಿನ ವರ್ಷ ಮತ್ತೆ ಬಂದರು. ನಾನು ಬಲ್ಲದ್ದು ಇಷ್ಟೇ.

ಸಿಸಿಲಿಯ ತಲೆ ಈಗ ಬೆಳ್ಳಗಾಗಿದೆ. ತಪಸ್ಸುಕಾಲ ಬಂದಾಗ ಅವಳು ನನ್ನನ್ನು ಕೆಳಗಿಳಿಸಿ ಹರಳೆಣ್ಣೆ ಉಜ್ಜುತ್ತಾಳೆ. ಉಜ್ಜಿ ಆದ ಮೇಲೆ ಒಂದು ಅಂಗೈಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿಟ್ಟು, ಇನ್ನೊಂದು ಕೈಯಿಂದ ಒಮ್ಮೆ, ಮೆಲ್ಲಗೆ ಬಾರಿಸುತ್ತಾಳೆ. ಆಮೇಲೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾಳೆ. ಒಮ್ಮೊಮ್ಮೆ ಮೊಮ್ಮಗುವೋ ನೆರೆಮನೆಯವಳೋ ಬಾಗಿಲು ದೂಡಿ ಬರುತ್ತಾರೆ. ಎಷ್ಟೋ ಸಲ ಯಾರೂ ಬರುವುದಿಲ್ಲ. ಆಗಲೂ ಅವಳು ಮುಖ ತಿರುಗಿಸುವುದಿಲ್ಲ. ಕೈ ನನ್ನ ಮೇಲಿಟ್ಟುಕೊಂಡು, ಇನ್ನೂ ಸ್ವಲ್ಪ ಹೊತ್ತು ಅತ್ತಲೇ ನೋಡುತ್ತಿರುತ್ತಾಳೆ.